ಮಕ್ಕಳು ಆರಿಸಿದ ಮುಂದಾಳು

ನಿಮ್ಮ ಕ್ಲಾಸಿನಲ್ಲಿ ನೀವು ಯಾರನ್ನು ಗೌರವಿಸುತ್ತೀರಿ? ಆಟದಲ್ಲಿ, ಗುಂಪಿನ ಕೆಲಸದಲ್ಲಿ ಯಾರು ಮುಂದೆ ನಿಂತು ನಡೆಸುತ್ತಾರೆ? ಯಾರನ್ನು ಕಂಡರೆ ನಿಮಗೆ ಮೆಚ್ಚುಗೆ? ಈ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಪಶ್ಚಿಮ ಭಾಗ ಮತ್ತು ವೇಲ್ಸ್‌ನ ಆಗ್ನೇಯ ಭಾಗದ ಶಾಲೆಗಳಲ್ಲಿ 12–13 ವರ್ಷದ ಮಕ್ಕಳ ಮುಂದೆ ಇಂಥ ಮೂರು ಪ್ರಶ್ನೆಗಳನ್ನು ಇಟ್ಟರು. ಉತ್ತರವಾಗಿ ಜೊತೆಯವರ ಹೆಸರು ಬರೆಯಬೇಕು, ಅಷ್ಟೆ. ಯಾರ ಹೆಸರು ಹೆಚ್ಚು ಸಲ ಬಂತೋ ಆ ಮಕ್ಕಳನ್ನು, ಒಟ್ಟು ತರಗತಿಯ ಶೇ 17.5ರಷ್ಟು ಮಂದಿಯನ್ನು, ಕರೆದು ಎರಡು ದಿನ ಶಾಲೆಯ ಆವರಣದ ಆಚೆ, ಹೊರಗಿನ ತರಬೇತುದಾರರಿಂದ ತರಬೇತಿ ಕೊಡಿಸಿದರು. ಆಮೇಲೆ ಹತ್ತು ವಾರ ಆ ಮಕ್ಕಳ ಕೆಲಸ ಒಂದೇ. ಊಟದ ಹೊತ್ತಿನಲ್ಲೋ ಬಸ್ಸಿನಲ್ಲೋ ಮನೆಗೆ ನಡೆದು ಹೋಗುವಾಗಲೋ ಗೆಳೆಯರ ನಡುವೆ ಸಿಗರೇಟಿನ ಮಾತು ಬಂದರೆ ತಮಗೆ ಗೊತ್ತಿರುವುದನ್ನು ಹೇಳುವುದು, ಹೇಳಿದ್ದನ್ನು ಒಂದು ಚಿಕ್ಕ ಡೈರಿಯಲ್ಲಿ ಗುರುತು ಹಾಕಿಕೊಳ್ಳುವುದು. ವೇದಿಕೆ ಇಲ್ಲ, ಮೈಕು ಇಲ್ಲ, ಘೋಷಣೆ ಇಲ್ಲ.

ಅಸಿಸ್ಟ್ ಎಂಬ ಹೆಸರಿನ ಈ ಪ್ರಯೋಗದ ಫಲಿತಾಂಶ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 59 ಶಾಲೆ, 10,730 ಮಕ್ಕಳು. ಯಾವ ಶಾಲೆಗೆ ಕಾರ್ಯಕ್ರಮ, ಯಾವುದಕ್ಕೆ ಎಂದಿನ ಪಾಠ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಿಂದ ಹೋಲಿಕೆಗೆ ಬಲವಿತ್ತು. ಎರಡು ವರ್ಷದ ಲೆಕ್ಕ ಒಟ್ಟು ಸೇರಿಸಿ ನೋಡಿದಾಗ, ಕಾರ್ಯಕ್ರಮ ನಡೆದ ಶಾಲೆಗಳ ಮಕ್ಕಳು ಸಿಗರೇಟಿನ ರೂಢಿಗೆ ಬೀಳುವ ಸಂಭವ ಸುಮಾರು ಶೇ 22ರಷ್ಟು ಕಡಿಮೆಯಿತ್ತು. ದಿನ ಕಳೆದಂತೆ ಪರಿಣಾಮ ಸ್ವಲ್ಪ ತೆಳುವಾದದ್ದೂ ನಿಜ. ಆದರೂ ಶಾಲೆಯ ತಂಬಾಕು ವಿರೋಧಿ ಕಾರ್ಯಕ್ರಮಗಳ ಉದ್ದನೆಯ, ಬಹುಪಾಲು ನಿರಾಶೆಯ ಚರಿತ್ರೆಯಲ್ಲಿ ಇದು ಗಟ್ಟಿಯಾಗಿ ನಿಂತ ಕೆಲವೇ ಫಲಿತಾಂಶಗಳಲ್ಲಿ ಒಂದು.

ಈಗ ಸಿಗರೇಟಿನ ಜಾಗಕ್ಕೆ ವೇಪ್, ಅಂದರೆ ಇ-ಸಿಗರೇಟು, ಬಂದಿದೆ. ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳನ್ನು ಅದರಿಂದ ದೂರವಿಡಲು ‘ಮಕ್ಕಳಿಂದ ಮಕ್ಕಳಿಗೆ’ ಎಂಬ ದಾರಿಯನ್ನು ಅಮೆರಿಕದ ಸಾವಿರಾರು ಶಾಲೆಗಳು ಹಿಡಿದಿವೆ, ನಮ್ಮಲ್ಲೂ ಆ ಮಾತು ಕೇಳಿಬರುತ್ತಿದೆ. ಆ ದಾರಿ ಸರಿಯೆಂದೇ ನನ್ನ ನಂಬಿಕೆ. ಆದರೆ ಅದರ ಜೀವ ಇರುವುದು ‘ಮಕ್ಕಳು ಹೇಳುತ್ತಾರೆ’ ಎಂಬುದರಲ್ಲಲ್ಲ. ಹೇಳುವ ಮಗುವನ್ನು ಆರಿಸಿದವರು ಯಾರು ಎಂಬುದರಲ್ಲಿ. ಮೇಷ್ಟ್ರು ಆರಿಸಿದ ಮಗು ಮೇಷ್ಟ್ರ ದನಿಯಲ್ಲಿ ಮಾತಾಡುತ್ತದೆ, ಕ್ಲಾಸಿಗೂ ಹಾಗೆಯೇ ಕೇಳಿಸುತ್ತದೆ. ಈ ಒಂದು ಅಂಶವನ್ನು ಬಿಟ್ಟುಕೊಟ್ಟರೆ ಉಳಿಯುವುದು ಇನ್ನೊಂದು ಭಾಷಣ ಸ್ಪರ್ಧೆ.

ಅಸಿಸ್ಟ್‌ನ ಮೂಲ ಇರುವುದು ಶಾಲೆಯಲ್ಲಲ್ಲ. 1980ರ ದಶಕದ ಕೊನೆಯಲ್ಲಿ, ಎಚ್‌ಐವಿ ಸಾವುಗಳು ಏರುತ್ತಿದ್ದಾಗ, ಜೆಫ್ರಿ ಕೆಲ್ಲಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಅಮೆರಿಕದ ದಕ್ಷಿಣದ ಸಣ್ಣ ನಗರಗಳಲ್ಲಿ ಸಲಿಂಗಿ ಪುರುಷರು ಸೇರುವ ಬಾರುಗಳಿಗೆ ಹೋದರು. ಎಲ್ಲರೂ ಯಾರ ಹತ್ತಿರ ಬಂದು ಮಾತಾಡಿಸುತ್ತಾರೆ, ಯಾರು ಹೆಚ್ಚು ಬೇಕಾದವರು ಎಂದು ಗಮನಿಸುವ ಕೆಲಸವನ್ನು ಅಲ್ಲಿ ಪಾನೀಯ ಕೊಡುವವರಿಗೇ ಒಪ್ಪಿಸಿದರು. ಹಾಗೆ ಗುರುತಾದವರಿಗೆ ತರಬೇತಿ ಕೊಟ್ಟು, ಸುರಕ್ಷಿತ ಲೈಂಗಿಕತೆಯ ಮಾತನ್ನು ಗೆಳೆಯರ ನಡುವೆ ಸಹಜವಾಗಿ ಆಡಿರಿ ಎಂದರು. 1991ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಜನರ ನಡವಳಿಕೆ ನಿಜಕ್ಕೂ ಬದಲಾಗಿತ್ತು. ವೈದ್ಯರಾಗಲಿ ಸರ್ಕಾರವಾಗಲಿ ನೇಮಿಸಿದ್ದರೆ ಆ ಪಟ್ಟಿಯಲ್ಲಿ ಬೇರೆಯದೇ ಹೆಸರುಗಳಿರುತ್ತಿದ್ದವು. ಒಂದು ಗುಂಪಿನಲ್ಲಿ ಮಾತಿಗೆ ಬೆಲೆ ಇರುವವರು ಯಾರು ಎಂಬುದು ಆ ಗುಂಪಿಗೇ ಗೊತ್ತಿರುತ್ತದೆ, ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಹನ್ನೆರಡರ ವಯಸ್ಸಿನ ಮಕ್ಕಳ ಮಟ್ಟಿಗೆ ಹೊರಗಿನವರು ಅಂದರೆ ನಾವೇ, ಅಪ್ಪ ಅಮ್ಮ ಮತ್ತು ಟೀಚರುಗಳು.

ಹನ್ನೆರಡು, ಹದಿಮೂರು ಅನ್ನುವುದು ಹೊಸ್ತಿಲಿನ ವಯಸ್ಸು. ಅಪ್ಪನ ಮಾತಿಗಿಂತ ಪಕ್ಕದ ಬೆಂಚಿನವನ ಮುಖದ ಭಾವ ಹೆಚ್ಚು ಮುಖ್ಯವಾಗುತ್ತ ಹೋಗುವ ಕಾಲ ಅದು. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಂದಾಗ ನಿಲ್ಲಿಸಬೇಕೋ ಮುನ್ನುಗ್ಗಬೇಕೋ ಆಡುವವರೇ ತೀರ್ಮಾನಿಸಬೇಕು. ಒಬ್ಬರೇ ಆಡಿದಾಗ ಹದಿಹರೆಯದವರಿಗೂ ದೊಡ್ಡವರಿಗೂ ಹೆಚ್ಚಿನ ಅಂತರ ಕಾಣಲಿಲ್ಲ. ಗೆಳೆಯರು ನೋಡುತ್ತಿದ್ದಾಗ 13ರಿಂದ 16ರ ವಯಸ್ಸಿನವರು ಎಷ್ಟೋ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರ ಆಟ ಹೆಚ್ಚುಕಡಿಮೆ ಹಾಗೇ ಇತ್ತು. ಆ ಮಕ್ಕಳಿಗೆ ತಿಳಿವಳಿಕೆ ಇರಲಿಲ್ಲವೆಂದಲ್ಲ. ಹಳದಿ ದೀಪದ ಅರ್ಥ ಅವರಿಗೆಲ್ಲ ಗೊತ್ತಿತ್ತು. ‘ನಿಕೋಟಿನ್ ಕೆಟ್ಟದ್ದು’ ಎಂಬ ಪಾಠ ಒಂದೇ ಸಾಲದೇ ಹೋಗುವುದು ಈ ಕಾರಣಕ್ಕೆ. ತೀರ್ಮಾನ ಆಗುವ ಕ್ಷಣದಲ್ಲಿ ಮಗುವಿನ ಪಕ್ಕದಲ್ಲಿ ಪಠ್ಯಪುಸ್ತಕ ಇರುವುದಿಲ್ಲ, ಇನ್ನೊಂದು ಮಗು ಇರುತ್ತದೆ.

ಬರೀ ಪಾಠದ ದಾರಿಯನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ 40 ಶಾಲಾ ಜಿಲ್ಲೆಗಳಲ್ಲಿ ಮೂರನೇ ಕ್ಲಾಸಿನಿಂದ ಹೈಸ್ಕೂಲಿನವರೆಗೆ ಟೀಚರುಗಳಿಂದ ತಂಬಾಕು ವಿರೋಧಿ ಪಾಠ ಹೇಳಿಸಿ, ಆ ಮಕ್ಕಳು ಶಾಲೆ ಮುಗಿಸಿ ಎರಡು ವರ್ಷ ಆಗುವತನಕ ಬೆನ್ನುಹತ್ತಿ ನೋಡಿದ ಹಚಿನ್‌ಸನ್ ಅಧ್ಯಯನ 2000ದಲ್ಲಿ ಹೊರಬಂತು. ಪಾಠ ಕೇಳಿದವರಿಗೂ ಕೇಳದವರಿಗೂ ಸಿಗರೇಟಿನ ವಿಷಯದಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಹದಿನೈದು ವರ್ಷದ ದುಡಿಮೆ ಅದು. ಫಲ ಸಿಗಲಿಲ್ಲವೆಂದು ನೇರವಾಗಿ ಬರೆದು ಪ್ರಕಟಿಸಿದವರ ಬಗ್ಗೆ ನನಗೆ ದೊಡ್ಡ ಗೌರವ. ಪೊಲೀಸರನ್ನು ಕ್ಲಾಸಿಗೆ ಕಳಿಸಿ ಮಾದಕ ವಸ್ತುಗಳ ವಿರುದ್ಧ ಪಾಠ ಹೇಳಿಸಿದ ‘ಡೇರ್’ ಕಾರ್ಯಕ್ರಮದ ಮೂಲ ರೂಪದ ಕತೆಯೂ ಇದೇ.

ಇನ್ನು ವೇಪ್. ಇದರ ಸ್ವಭಾವ ಸಿಗರೇಟಿನದಲ್ಲ. ಬೀಡಿ, ಸಿಗರೇಟಿಗೆ ವಾಸನೆಯಿದೆ, ಬೂದಿಯಿದೆ, ಶರ್ಟಿನ ಮೇಲೆ ಕುರುಹು ಉಳಿಯುತ್ತದೆ, ಬೆಂಕಿಪೊಟ್ಟಣ ಬೇಕು. ವೇಪ್ ಪೆನ್‌ಡ್ರೈವಿನಂತೆ, ಹೈಲೈಟರ್ ಪೆನ್ನಿನಂತೆ ಕಾಣುವಷ್ಟು ಚಿಕ್ಕದು. ಕಂಪಾಸ್ ಬಾಕ್ಸಿನಲ್ಲಿ ಅಳಿಸುವ ರಬ್ಬರಿನ ಪಕ್ಕ ಕೂರುತ್ತದೆ. ಎಳೆದರೆ ಮಾವಿನ ಹಣ್ಣಿನ, ಪುದೀನದ ಪರಿಮಳ ಒಂದು ಗಳಿಗೆ ಇದ್ದು ಹೋಗುತ್ತದೆ. ಒಳಗಿರುವುದು ಮಾತ್ರ ಹಗುರದ್ದಲ್ಲ. 2015ರಲ್ಲಿ ಮಾರುಕಟ್ಟೆಗೆ ಬಂದ ಜೂಲ್ ಎಂಬ ವೇಪ್ ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಬೆರೆಸಿ ಲವಣದ ರೂಪಕ್ಕೆ ತಂದು ಗಂಟಲಿನ ಉರಿಯನ್ನು ತಗ್ಗಿಸಿತು. ಉರಿ ಇಲ್ಲದ್ದರಿಂದ, ಒಮ್ಮೆಯೂ ಸಿಗರೇಟು ಮುಟ್ಟದ ಮಗು ಕೂಡ ಕೆಮ್ಮದೆ ಒಳಕ್ಕೆಳೆದುಕೊಳ್ಳಬಹುದು. ಅಮೆರಿಕದಲ್ಲಿ ಮಾರಿದ ಅದರ ಶೇ 5ರ ನಿಕೋಟಿನ್ ದ್ರವದ ಪಾಡ್‌ನಲ್ಲಿ ಒಂದು ಮಿಲಿಲೀಟರಿಗೆ 59 ಮಿಲಿಗ್ರಾಂ ನಿಕೋಟಿನ್ ಇತ್ತು.

ಅಲ್ಲಿ ಆದದ್ದನ್ನು ಅಂಕಿಗಳೇ ಹೇಳುತ್ತವೆ. 2018ರಲ್ಲಿ ಮಿಡಲ್ ಸ್ಕೂಲಿನ, ಅಂದರೆ ಆರರಿಂದ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಶೇ 4.9 ಮಂದಿ ಹಿಂದಿನ ಮೂವತ್ತು ದಿನದಲ್ಲಿ ವೇಪ್ ಎಳೆದಿದ್ದರು. ಮರುವರ್ಷದ ಸಮೀಕ್ಷೆಯಲ್ಲಿ ಅದು ಶೇ 10.5. ಹೈಸ್ಕೂಲಿನಲ್ಲಿ ಶೇ 27.5. ದೇಶದ ಸಾರ್ವಜನಿಕ ಆರೋಗ್ಯದ ಉನ್ನತ ಅಧಿಕಾರಿಯಾದ ಸರ್ಜನ್ ಜನರಲ್ 2018ರ ಡಿಸೆಂಬರಿನಲ್ಲಿಯೇ ಇದನ್ನು ಸಾಂಕ್ರಾಮಿಕ ಎಂದು ಕರೆದಿದ್ದರು. ಅಮೆರಿಕದಲ್ಲಿರುವ ಕನ್ನಡದ ಮನೆಗಳು ಇದರ ಹೊರಗೇನೂ ಇರಲಿಲ್ಲ. ಟೆಕ್ಸಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಬೆಳೆಯುವ ನಮ್ಮ ಮಕ್ಕಳು ಹೋಗುವುದು ಅದೇ ಶಾಲೆಗಳಿಗೆ, ಅದೇ ಬಾತ್‌ರೂಮುಗಳಿಗೆ. ‘ನಮ್ಮ ಮಕ್ಕಳು ಹಾಗಲ್ಲ’ ಎಂಬ ಮಾತು ಅಲ್ಲೂ ಇಲ್ಲೂ ಬೇಗ ಬಾಯಿಗೆ ಬರುತ್ತದೆ. ಮಗು ಮನೆಯಲ್ಲಿ ಬಾಯಿ ಬಿಡದಿರಲು ಅದೂ ಒಂದು ಕಾರಣ.

ಈ ಅಂಕಿಗಳನ್ನು ತಿರುಗಿಸಿಯೂ ಓದಬೇಕು. ಅತಿ ಕೆಟ್ಟ ವರ್ಷದಲ್ಲೂ ಮಿಡಲ್ ಸ್ಕೂಲಿನ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಆ ತಿಂಗಳು ವೇಪ್ ಮುಟ್ಟಿರಲಿಲ್ಲ. 2024ರ ಹೊತ್ತಿಗೆ ಬಳಸುವವರ ಪಾಲು ಶೇ 3.5ಕ್ಕೆ ಇಳಿದಿತ್ತು. ಆದರೆ ಏಳನೇ ಕ್ಲಾಸಿನ ಹುಡುಗನನ್ನು ಕೇಳಿದರೆ ‘ಎಲ್ಲರೂ ಎಳೀತಾರೆ’ ಅನ್ನುತ್ತಾನೆ. ಎಳೆಯುವವನು ನಾಲ್ಕು ಜನಕ್ಕೆ ಕಾಣಿಸುವಂತೆ ಎಳೆಯುತ್ತಾನೆ. ಎಳೆಯದವನು ‘ನಾನು ಎಳೆಯಲಿಲ್ಲ’ ಎಂದು ಯಾರಿಗೂ ತೋರಿಸುವುದಿಲ್ಲ. ಈ ತಪ್ಪು ಲೆಕ್ಕವೇ ಎಷ್ಟೋ ಮಕ್ಕಳನ್ನು ಒಂದು ಸಲ ನೋಡಿಯೇಬಿಡೋಣ ಎನ್ನುವಲ್ಲಿಗೆ ತರುತ್ತದೆ. ಅದನ್ನು ತಿದ್ದುವುದು ಟೀಚರಿಂದ ಆಗದು. ಟೀಚರು ‘ಯಾರೂ ಎಳೆಯೋಲ್ಲ’ ಎಂದರೆ, ಇವರಿಗೇನು ಗೊತ್ತು ಎಂದು ಮಕ್ಕಳು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ಶಾಲಾ ತಂಡದ ಗೋಲ್‌ಕೀಪರ್ ಹುಡುಗಿ ‘ನಾನಂತೂ ಮುಟ್ಟಲ್ಲ, ನಮ್ಮ ಟೀಮಲ್ಲಿ ಯಾರೂ ಮುಟ್ಟಲ್ಲ’ ಎಂದರೆ ಅದು ಕಣ್ಣಿಗೆ ಕಾಣುವ ಸಾಕ್ಷಿ.

ಆ ಮಾತು ಹೇಗಿರುತ್ತದೆ ಎಂದು ಕೇಳಬಹುದು. ಬೆಂಗಳೂರಿನ ಒಂದು ಸ್ಕೂಲ್ ವ್ಯಾನು, ಸಂಜೆ ನಾಲ್ಕೂವರೆ, ಹಿಂದಿನ ಸೀಟು ಎಂದು ಕಲ್ಪಿಸಿಕೊಳ್ಳೋಣ. ಒಬ್ಬ ತನ್ನ ಅಣ್ಣನ ಬ್ಯಾಗಿನಲ್ಲಿ ಕಂಡದ್ದನ್ನು ಹೇಳುತ್ತಿದ್ದಾನೆ. ‘ಬರೀ ಆವಿ ಮಗಾ, ಏನೂ ಆಗಲ್ಲ.’ ಇನ್ನೊಬ್ಬ: ‘ಆವಿ ಅಲ್ಲ ಕಣೋ, ಅದರಲ್ಲಿ ನಿಕೋಟಿನ್ ಇದೆ. ನಾಲ್ಕು ದಿನ ಎಳೆದರೆ ಐದನೇ ದಿನ ನೀನು ಬೇಡ ಅಂದ್ರೂ ಬಿಡಲ್ಲ ಅದು. ಮ್ಯಾಚ್ ಇದ್ದಾಗ ಓಡ್ತಾ ಓಡ್ತಾ ಉಸಿರು ಸಿಗದೆ ನಿಂತ್ಕೊಂಡ್ರೆ ನಾನು ಟೀಮಿಗೆ ತಗೊಳಲ್ಲ ನೋಡು.’ ಅಷ್ಟೇ. ಮಾತು ಅಲ್ಲಿಂದ ಕ್ರಿಕೆಟ್ಟಿಗೆ ಹೋಗುತ್ತದೆ. ಇದನ್ನು ಯಾವ ದೊಡ್ಡವರೂ ಹೇಳಲಾರರು, ಯಾಕೆಂದರೆ ಆ ಸೀಟಿನಲ್ಲಿ ದೊಡ್ಡವರು ಕೂರುವುದಿಲ್ಲ. ಕೂತರೆ ಆ ಮಾತೇ ಹುಟ್ಟುವುದಿಲ್ಲ. ಅಸಿಸ್ಟ್ ತರಬೇತಿಯ ಎರಡು ದಿನ ಹೋಗುವುದು ಇಂಥ ಮಾತಿಗೆ ಮಕ್ಕಳನ್ನು ಸಿದ್ಧಗೊಳಿಸಲು: ಸರಿಯಾದ ಮಾಹಿತಿ, ಕೇಳಿಸಿಕೊಳ್ಳುವ ತಾಳ್ಮೆ, ಜಗಳಕ್ಕೆ ಹೋಗದೆ ಭಿನ್ನಾಭಿಪ್ರಾಯ ಹೇಳುವ ರೀತಿ.

ವೇಪ್‌ಗೆಂದೇ ರೂಪಿಸಿದ ಕಾರ್ಯಕ್ರಮಗಳಲ್ಲಿ ಹೆಚ್ಚು ಹರಡಿರುವುದು ಟೆಕ್ಸಾಸ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಸ್ಟೀವನ್ ಕೆಲ್ಡರ್ ಮತ್ತಿತರರು ಕಟ್ಟಿದ ‘ಕ್ಯಾಚ್ ಮೈ ಬ್ರೆತ್’. ನಾಲ್ಕು ಪಾಠಗಳು. ಕ್ಲಾಸನ್ನು ಸಣ್ಣ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿನ ಚರ್ಚೆಯನ್ನು ಒಬ್ಬ ಸಹಪಾಠಿ ನಡೆಸುತ್ತಾನೆ. ಕಂಪನಿಗಳ ಜಾಹೀರಾತು ತಮ್ಮನ್ನು ಹೇಗೆ ಗುರಿಯಿಡುತ್ತದೆ ಎಂದು ಮಕ್ಕಳೇ ಬಿಡಿಸಿ ನೋಡುತ್ತಾರೆ, ಬೇಡ ಎನ್ನುವ ಅಭ್ಯಾಸ ಮಾಡುತ್ತಾರೆ. 2020ರಲ್ಲಿ ಪ್ರಕಟವಾದ ಅಧ್ಯಯನ ಟೆಕ್ಸಾಸಿನ 12 ಮಿಡಲ್ ಸ್ಕೂಲುಗಳನ್ನು ನೋಡಿತು. ಕಾರ್ಯಕ್ರಮ ನಡೆದ ಆರು ಶಾಲೆಗಳಲ್ಲಿ ಒಮ್ಮೆಯಾದರೂ ವೇಪ್ ಎಳೆದ ಮಕ್ಕಳ ಪಾಲು ಹದಿನಾರು ತಿಂಗಳಲ್ಲಿ ಶೇ 2.8ರಿಂದ 4.9ಕ್ಕೆ ಏರಿತು, ನಡೆಯದ ಆರರಲ್ಲಿ 2.7ರಿಂದ 8.9ಕ್ಕೆ. ಅಂತರ ದೊಡ್ಡದೇ. ಆದರೆ ಆ ಹನ್ನೆರಡು ಶಾಲೆಗಳನ್ನು ಚೀಟಿ ಎತ್ತಿ ಹಂಚಿದ್ದಲ್ಲ, ಕಾರ್ಯಕ್ರಮ ಕಟ್ಟಿದವರೇ ಅಳತೆಯನ್ನೂ ಮಾಡಿದ್ದರು. ಆದ್ದರಿಂದ ನಾನು ಇದನ್ನು ಆಶಾದಾಯಕ ಅನ್ನುತ್ತೇನೆ, ಸಾಬೀತು ಅನ್ನುವುದಿಲ್ಲ. ಅಸಿಸ್ಟ್‌ನ ತೂಕ ಬೇರೆ.

ನಮ್ಮ ನೆಲದಲ್ಲೇ ಒಂದು ಸಾಕ್ಷಿ ಇದೆ, ಅದನ್ನು ನಾವು ಮರೆತಂತಿದೆ. 2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ‘ಮೈತ್ರಿ’ ಎಂಬ ಯೋಜನೆ ನಡೆಯಿತು. ಡಾ. ಕೆ. ಶ್ರೀನಾಥ ರೆಡ್ಡಿ, ಮೋನಿಕಾ ಅರೋರಾ, ಅಮೆರಿಕದ ಚೆರಿಲ್ ಪೆರಿ, ಮೆಲಿಸ್ಸಾ ಸ್ಟಿಗ್ಲರ್ ಮೊದಲಾದವರು ಅದರ ಹಿಂದಿದ್ದರು. ಆರಂಭದಲ್ಲೇ ಒಂದು ದಿಗಿಲಿನ ಸಂಗತಿ ಕಂಡಿತು. ತಂಬಾಕು ಯಾವ ರೂಪದಲ್ಲಾದರೂ ಬಳಸಿದ್ದೇವೆ ಎಂದವರು ಎಂಟನೇ ಕ್ಲಾಸಿನಲ್ಲಿ ಶೇ 9.3, ಆರನೇ ಕ್ಲಾಸಿನಲ್ಲಿ ಶೇ 24.8. ಚಿಕ್ಕವರಲ್ಲೇ ಹೆಚ್ಚು. ಹೈಸ್ಕೂಲಿಗೆ ಬರಲಿ, ಆಮೇಲೆ ತಿಳಿಹೇಳೋಣ ಎಂದು ಕಾಯುವವರು ನೋಡಬೇಕಾದ ಅಂಕಿ ಇದು. ಮೈತ್ರಿಯಲ್ಲಿ ಸಹಪಾಠಿಗಳೇ ಸಣ್ಣ ಗುಂಪುಗಳನ್ನು ನಡೆಸಿದರು, ಶಾಲೆಯಲ್ಲಿ ಪೋಸ್ಟರುಗಳಿದ್ದವು, ಮನೆಗೆ ಅಂಚೆ ಕಾರ್ಡುಗಳು ಹೋದವು. ಎರಡು ವರ್ಷದಲ್ಲಿ ಯೋಜನೆ ಇಲ್ಲದ ಶಾಲೆಗಳಲ್ಲಿ ತಂಬಾಕು ಬಳಕೆ ಶೇ 68ರಷ್ಟು ಏರಿತು. ಇದ್ದ ಶಾಲೆಗಳಲ್ಲಿ ಶೇ 17ರಷ್ಟು ಇಳಿಯಿತು. 2009ರಲ್ಲಿ ಇದು ಪ್ರಕಟವಾದಾಗ ಕರ್ನಾಟಕದ ಶಿಕ್ಷಣ ಇಲಾಖೆಯ ಮೇಜಿನ ಮೇಲೂ ಇರಬೇಕಿದ್ದ ದಾಖಲೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತದ ಅಡಿಯಲ್ಲಿ 2020ರಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು. ಅವರಿಗೆ ನೆರವಾಗಲು ಆರೋಗ್ಯ ಸಂದೇಶವಾಹಕರಾಗಿ ಕ್ಲಾಸ್ ಮಾನಿಟರುಗಳು. ಉದ್ದೇಶ ಒಳ್ಳೆಯದು, ಹತ್ತಾರು ವಿಷಯಗಳಿಗೆ ಅನುಕೂಲವೂ ಹೌದು. ಆದರೆ ನಮ್ಮ ಶಾಲೆಗಳಲ್ಲಿ ಮಾನಿಟರ್ ಅಂದರೆ ಯಾರು? ಮೇಷ್ಟ್ರು ಹೊರಗೆ ಹೋದಾಗ ಬೋರ್ಡಿನ ಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು, ಕೆಳಗೆ ಗೆರೆ ಎಳೆದು, ಹೆಸರುಗಳನ್ನು ಪಟ್ಟಿ ಮಾಡುವ ಮಗು. ನೋಟ್‌ಬುಕ್ಕುಗಳನ್ನು ಸ್ಟಾಫ್‌ರೂಮಿಗೆ ಹೊರುವ ಮಗು. ಹೆಚ್ಚಾಗಿ ಒಳ್ಳೆಯ ಮಗುವೇ. ಆದರೆ ಯಾರ ಬ್ಯಾಗಿನಲ್ಲಿ ಏನಿದೆ ಎಂಬ ಮಾತು ಆ ಮಗು ಬಂದ ಕೂಡಲೇ ನಿಂತುಹೋಗುತ್ತದೆ. ನೀರು, ಕೈತೊಳೆಯುವುದು, ಕಬ್ಬಿಣದ ಮಾತ್ರೆಯ ವಿಷಯಕ್ಕೆ ಮಾನಿಟರ್ ಸಾಕು. ಗುಟ್ಟಾಗಿ ನಡೆಯುವ ಚಟದ ವಿಷಯಕ್ಕೆ ಸಾಲದು.

ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ವ್ಯಾಲೆಂಟೆ ಈ ಪ್ರಶ್ನೆಯನ್ನೇ ನೇರವಾಗಿ ಪರೀಕ್ಷಿಸಿದರು. ಪಾಠ ಅದೇ, ವಯಸ್ಸು ಅದೇ, ಆರನೇ ಕ್ಲಾಸು. ಕೆಲವು ಕಡೆ ಗುಂಪುಗಳನ್ನು ಟೀಚರು ಮಾಡಿದರು, ಕೆಲವು ಕಡೆ ಸುಮ್ಮನೆ ಹಂಚಿದರು, ಇನ್ನು ಕೆಲವು ಕಡೆ ಮಕ್ಕಳು ಯಾರ ಹೆಸರು ಬರೆದರೋ ಅವರನ್ನೇ ಮುಂದಾಳು ಮಾಡಿ, ಬರೆದವರನ್ನು ಅವರ ಗುಂಪಿಗೆ ಹಾಕಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸುಮ್ಮನೆ ಹಂಚಿದ ಗುಂಪುಗಳಿಗಿಂತ ಮಕ್ಕಳ ಆಯ್ಕೆಯಿಂದಾದ ಗುಂಪುಗಳಿಗೆ ಕಾರ್ಯಕ್ರಮ ಹೆಚ್ಚು ಹಿಡಿಸಿತ್ತು, ಬೇಡ ಎನ್ನಬಲ್ಲೆವು ಎಂಬ ಭರವಸೆ ಹೆಚ್ಚಿತ್ತು, ಮುಂದೆ ಸೇದುವ ಇರಾದೆ ಕಡಿಮೆಯಿತ್ತು. ಆಯ್ಕೆಯ ಹಕ್ಕನ್ನು ದೊಡ್ಡವರು ಬಿಟ್ಟುಕೊಡುವುದೇ ಕಷ್ಟ. ಅಸಿಸ್ಟ್ ನಡೆದಾಗಲೂ ಪಟ್ಟಿ ನೋಡಿದ ಕೆಲವು ಟೀಚರುಗಳು ಕಸಿವಿಸಿಗೊಂಡರು: ಗಲಾಟೆ ಮಾಡುವವರ ಹೆಸರೂ ಅದರಲ್ಲಿತ್ತು. ಆದರೆ ಗಲಾಟೆಯ ಹುಡುಗನ ಮಾತಿಗೂ ಕೇಳುವವರಿದ್ದಾರೆ ಎಂಬುದನ್ನು ಪಟ್ಟಿ ತೋರಿಸಿಕೊಟ್ಟಿತ್ತು, ಅಷ್ಟೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕಲಾಗದು. ಜೊತೆಯವರ ಪ್ರಭಾವ ಎರಡೂ ಕಡೆ ಹರಿಯುತ್ತದೆ. ಥಾಮಸ್ ಡಿಷಿಯಾನ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ, ದಾರಿ ತಪ್ಪುವ ಅಪಾಯದಲ್ಲಿದ್ದ ಹದಿಹರೆಯದವರನ್ನೇ ಒಂದೆಡೆ ಕೂಡಿಸಿ ತಿದ್ದಲು ಹೋದಾಗ ಅವರ ತಂಬಾಕು ಬಳಕೆ ಹೆಚ್ಚಿತು. ಒಬ್ಬನ ಪ್ರತಾಪಕ್ಕೆ ಇನ್ನೊಬ್ಬನ ನಗು ಬಹುಮಾನವಾಯಿತು. ಇದೇ ವ್ಯಾಲೆಂಟೆ 2007ರಲ್ಲಿ ಇನ್ನೂ ಹತ್ತಿರದ ಎಚ್ಚರಿಕೆ ಕೊಟ್ಟರು. ಹೆಚ್ಚು ಅಪಾಯದ ಹೈಸ್ಕೂಲು ಮಕ್ಕಳಲ್ಲಿ, ಅವರವರ ಸ್ನೇಹದ ಬಲೆಯನ್ನೇ ಬಳಸಿದ ಮಾದಕ ವ್ಯಸನ ತಡೆ ಕಾರ್ಯಕ್ರಮ ಒಟ್ಟಾರೆ ಒಳ್ಳೆಯದನ್ನೇ ಮಾಡಿತು. ಆದರೆ ಗೆಳೆಯರೇ ವ್ಯಸನಿಗಳಾಗಿದ್ದವರಿಗೆ ಕೆಡುಕು ಮಾಡಿತು.

ಈ ಎರಡು ಅಧ್ಯಯನಗಳು ನನ್ನ ವಾದವನ್ನು ಕಿತ್ತುಹಾಕುವುದಿಲ್ಲ, ಅದಕ್ಕೆ ಗಡಿ ಹಾಕುತ್ತವೆ. ಗೆಳೆಯರ ಮಾತು ಸಲ್ಲುವುದು ವೇಪ್ ಇನ್ನೂ ಮುಟ್ಟದ, ಮುಟ್ಟಲೋ ಬೇಡವೋ ಎಂಬ ಡೋಲಾಯಮಾನ ಸ್ಥಿತಿಯಲ್ಲಿರುವ ಮಕ್ಕಳಿಗೆ. ಅದಕ್ಕೇ ಆರರಿಂದ ಎಂಟನೇ ಕ್ಲಾಸು ಸರಿಯಾದ ಕಾಲ. ಅಲ್ಲಿ ಬಹುಪಾಲು ಮಕ್ಕಳು ಇನ್ನೂ ದಡದ ಮೇಲಿದ್ದಾರೆ. ಅಸಿಸ್ಟ್‌ನ ಮಕ್ಕಳು ಇದನ್ನು ತಾವಾಗಿಯೇ ಕಂಡುಕೊಂಡಿದ್ದರು. ಸಂಶೋಧಕರು ವಿಚಾರಿಸಿದಾಗ ತಿಳಿದದ್ದೇನೆಂದರೆ, ಅವರು ಪಕ್ಕಾ ಸಿಗರೇಟು ಗುಂಪಿನ ತಂಟೆಗೆ ಹೋಗದೆ, ಮಾತಿಗೆ ಬಗ್ಗಬಹುದಾದ ತಮ್ಮ ಗೆಳೆಯರ ಹತ್ತಿರವೇ ಮಾತಾಡಿದ್ದರು. ಕೆಲವರು ಇದನ್ನು ಕೊರತೆ ಎಂದು ಎಣಿಸಬಹುದು. ನನಗೆ ಅದು ಮಕ್ಕಳ ವಿವೇಕ. ಈಗಾಗಲೇ ಸಿಕ್ಕಿಬಿದ್ದ ಮಗುವಿನ ಚಟ ಬಿಡಿಸುವ ಹೊಣೆಯನ್ನು ಇನ್ನೊಂದು ಮಗುವಿನ ತಲೆಗೆ ಕಟ್ಟುವುದು ತಪ್ಪು. ಅದಕ್ಕೆ ಸಮಾಲೋಚಕರಿದ್ದಾರೆ, ವೈದ್ಯರಿದ್ದಾರೆ. ನಮ್ಮಲ್ಲಿ ನಿಮ್ಹಾನ್ಸ್‌ನಂಥ ಸಂಸ್ಥೆ ಇದೆ. ಅಮೆರಿಕದಲ್ಲಿ 13ರಿಂದ 17ರ ವಯಸ್ಸಿನವರಿಗೆ ಮೊಬೈಲ್ ಸಂದೇಶಗಳ ಮೂಲಕ ವೇಪ್ ಬಿಡಿಸುವ ಪ್ರಯೋಗವೊಂದರಲ್ಲಿ, ಏಳು ತಿಂಗಳ ನಂತರ ಬಿಟ್ಟವರು ಶೇ 37.8, ಆ ಸಂದೇಶಗಳಿಲ್ಲದವರಲ್ಲಿ ಶೇ 28. 2024ರ ಫಲಿತಾಂಶ ಇದು. ಬಿಡಿಸುವ ದಾರಿಗಳು ಇವೆ, ತಡೆಯುವ ದಾರಿಯ ಜೊತೆ ಅವನ್ನು ಕಲಸಬಾರದು.

ಇನ್ನೊಂದು ಅಪಾಯ ಒಳಗಿನಿಂದಲೇ ಬರುತ್ತದೆ. ಮಕ್ಕಳ ಬಾಯಿಗೆ ವಿಷಯ ಬಂದಿದೆ ಎಂದ ತಕ್ಷಣ ಶಾಲೆಗೆ ಒಂದು ಆಸೆ ಹುಟ್ಟುತ್ತದೆ: ಹಾಗಾದರೆ ಯಾರು ಯಾರು ಎಳೆಯುತ್ತಾರೆ ಎಂದು ಇವರನ್ನೇ ಕೇಳೋಣ. ಆ ಪ್ರಶ್ನೆ ಕೇಳಿದ ದಿನವೇ ಕಾರ್ಯಕ್ರಮ ಸತ್ತುಹೋಗುತ್ತದೆ. ಮುಂದಾಳು ಮಗು ಚಾಡಿಕೋರ ಆಗುತ್ತದೆ, ಗೆಳೆಯರ ನಡುವೆ ಒಂಟಿಯಾಗುತ್ತದೆ. ಅಮೆರಿಕದಲ್ಲಿ ಎಷ್ಟೋ ಶಾಲೆಗಳು ಬಾತ್‌ರೂಮಿನ ಸೂರಿಗೆ ಆವಿ ಪತ್ತೆಹಚ್ಚುವ ಯಂತ್ರ ಹಾಕಿ, ಸಿಕ್ಕವರನ್ನು ಅಮಾನತು ಮಾಡಿದವು. ಅಮಾನತಾದ ಮಗು ಇಡೀ ದಿನ ಮನೆಯಲ್ಲಿ ಒಂಟಿಯಾಗಿ ಆ ಸಾಧನದ ಜೊತೆಯೇ ಇರುತ್ತದೆ. ಆದ್ದರಿಂದ ಮುಂದಾಳು ಮಕ್ಕಳ ಡೈರಿಯಲ್ಲಿ ಯಾರ ಹೆಸರೂ ಇರಬಾರದು, ಅವರನ್ನು ಯಾವ ವಿಚಾರಣೆಗೂ ಸಾಕ್ಷಿಗೆ ಕರೆಯಬಾರದು. ಇದನ್ನು ಮುಖ್ಯೋಪಾಧ್ಯಾಯರು ಮೊದಲ ದಿನವೇ ಮಕ್ಕಳಿಗೂ ಪೋಷಕರಿಗೂ ಬರೆದುಕೊಡಬೇಕು. ಗೆಳೆಯನ ಜೀವಕ್ಕೇ ಅಪಾಯ ಅನಿಸಿದಾಗ ಯಾರ ಹತ್ತಿರ ಹೋಗಿ ಹೇಳಬೇಕು ಎಂಬುದನ್ನೂ ಮಕ್ಕಳಿಗೆ ತಿಳಿಸಿರಬೇಕು. ಅದು ಚಾಡಿಯಲ್ಲ ಎಂಬ ವ್ಯತ್ಯಾಸ ಹನ್ನೆರಡರ ಮಗುವಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಮಕ್ಕಳನ್ನು ಮುಂದಿಟ್ಟು ದೊಡ್ಡವರು ಹಿಂದೆ ಸರಿಯುವುದಕ್ಕೂ ಇದು ನೆಪವಾಗಬಾರದು. ವೇಪ್ ಮಾರಿದವರು ಜೊತೆಯವರ ಬಲವನ್ನು ನಮಗಿಂತ ಮೊದಲೇ ಅರಿತಿದ್ದರು. ಹದಿಹರೆಯದ ಕಣ್ಣಿಗೆ ಬೀಳುವಂಥ ಎಳೆಯ ಮುಖಗಳು, ಸಾಮಾಜಿಕ ಜಾಲತಾಣದ ಚಿತ್ರಗಳು ಜೂಲ್‌ನ ಆರಂಭದ ಪ್ರಚಾರದಲ್ಲಿ ತುಂಬಿದ್ದವು. 2019ರ ಜುಲೈನಲ್ಲಿ ಅಮೆರಿಕ ಸಂಸತ್ತಿನ ಉಪಸಮಿತಿಯ ಮುಂದೆ ನ್ಯೂಯಾರ್ಕಿನ ಇಬ್ಬರು ವಿದ್ಯಾರ್ಥಿಗಳು ಹೇಳಿದ ಸಾಕ್ಷ್ಯ ಓದಿದರೆ ಹೊಟ್ಟೆ ಉರಿಯುತ್ತದೆ. ವ್ಯಸನ ವಿರೋಧಿ ಮಾತುಕತೆ ಎಂದು ಒಂಬತ್ತನೇ ಕ್ಲಾಸಿನವರ ಮುಂದೆ ಬಂದ ಆ ಕಂಪನಿಯ ಪ್ರತಿನಿಧಿ, ಟೀಚರುಗಳು ಹೊರಗೆ ಹೋದ ಮೇಲೆ, ಈ ಸಾಧನ ಪೂರ್ತಿ ಸುರಕ್ಷಿತ ಎಂದಿದ್ದನಂತೆ. ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಕಂಪನಿಗೆ ಎಚ್ಚರಿಕೆ ಪತ್ರ ಬರೆದಾಗ ಈ ಪ್ರಸಂಗವೂ ಅದರಲ್ಲಿತ್ತು. ಮುಂದೆ ಆ ಕಂಪನಿ 2022ರಲ್ಲಿ ಮೂವತ್ತಕ್ಕೂ ಹೆಚ್ಚು ರಾಜ್ಯಗಳ ಜೊತೆ 43.85 ಕೋಟಿ ಡಾಲರಿಗೆ, 2023ರಲ್ಲಿ ಇನ್ನಷ್ಟು ರಾಜ್ಯಗಳ ಜೊತೆ 46.2 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಆದ್ದರಿಂದ ಶಾಲೆಯೊಳಗಿನ ಇಂಥ ಯಾವ ಕಾರ್ಯಕ್ರಮಕ್ಕೂ ತಂಬಾಕು, ನಿಕೋಟಿನ್ ಉದ್ಯಮದ ಒಂದು ಪೈಸೆಯೂ ಬರಬಾರದು. ಈ ವಿಷಯದಲ್ಲಿ ಚೌಕಾಸಿಯೇ ಬೇಡ.

ಅಮೆರಿಕದಲ್ಲಿ ಬಳಕೆ ಇಳಿದದ್ದು ಗೆಳೆಯರ ಮಾತಿನಿಂದಲೇ ಎಂದು ಹೇಳಲೂ ನಾನು ಸಿದ್ಧನಿಲ್ಲ. ಮಾರಾಟದ ಕನಿಷ್ಠ ವಯಸ್ಸು 21ಕ್ಕೆ ಏರಿತು, ಕೆಲವು ಪರಿಮಳಗಳ ಮೇಲೆ ನಿರ್ಬಂಧ ಬಂತು, ಕೋವಿಡ್ ಕಾಲದಲ್ಲಿ ಶಾಲೆಗಳೇ ಮುಚ್ಚಿದ್ದವು. ನಮ್ಮಲ್ಲಿ ಕಾನೂನು ಇನ್ನೂ ಗಟ್ಟಿ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವನ್ನೂ ಅಪರಾಧ ಮಾಡಿತು, ತಯಾರಿಕೆ, ಮಾರಾಟದ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಎಳೆಯುವವರನ್ನು ಅದು ಶಿಕ್ಷಿಸುವುದಿಲ್ಲ, ಅದು ಸರಿಯೇ. ಆದರೂ ವೇಪ್ ಕದ್ದುಮುಚ್ಚಿ ಸಿಗುತ್ತದೆ. ನಿಷೇಧದಿಂದ ಒಂದು ತೊಡಕೂ ಆಯಿತು: ಕಾನೂನಿನಲ್ಲಿ ಇಲ್ಲದ ವಸ್ತು ಶಾಲೆಯಲ್ಲೂ ಇಲ್ಲ ಎಂದು ನಾವು ನಂಬಿಬಿಟ್ಟೆವು. ಅಂಗಡಿಯ ಬಾಗಿಲು ಮುಚ್ಚುವುದು ಪೊಲೀಸರ, ಕಸ್ಟಮ್ಸ್‌ನವರ ಕೆಲಸ. ಅದನ್ನು ಮಾಡದೆ ಮಕ್ಕಳಿಗೆ ‘ಬೇಡ ಅನ್ನಿ’ ಎಂದು ಹೇಳಿಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಖರ್ಚಿನ ಮಾತು ಬರುತ್ತದೆ. ಬ್ರಿಟನ್ನಿನಲ್ಲಿ ಅಸಿಸ್ಟ್‌ಗೆ ಒಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ ಸರಾಸರಿ 32 ಪೌಂಡ್ ಬಿದ್ದಿತ್ತು. ಅದನ್ನು ಹಾಗೇ ತಂದು ಇಲ್ಲಿ ಕೂರಿಸಲಾಗದು, ಕೂರಿಸಬೇಕಾಗಿಯೂ ಇಲ್ಲ. ದುಬಾರಿಯಾದದ್ದು ಹೊರಗಿನ ತರಬೇತುದಾರರು ಮತ್ತು ಶಾಲೆಯ ಆಚೆಗಿನ ಆ ಎರಡು ದಿನ. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿ.ಇ.ಒ.) ಕಚೇರಿಯ ಮಟ್ಟದಲ್ಲಿ ಮೂರು ನಾಲ್ಕು ಜನ ತರಬೇತುದಾರರು ಒಂದು ತಾಲ್ಲೂಕಿನ ಶಾಲೆಗಳನ್ನು ಸರದಿಯ ಮೇಲೆ ನೋಡಿಕೊಳ್ಳಬಹುದು. ಸ್ವಂತ ಶಾಲೆಯ ಟೀಚರು ತರಬೇತಿ ಕೊಡುವುದು ಮಾತ್ರ ಬೇಡ. ಸೋಮವಾರ ಹೋಮ್‌ವರ್ಕ್ ಕೇಳುವವರ ಮುಂದೆ ಶನಿವಾರ ಮಕ್ಕಳು ಬಿಚ್ಚಿ ಮಾತಾಡುವುದಿಲ್ಲ. ವೇಪ್ ಒಂದಕ್ಕೇ ಇದನ್ನು ಸೀಮಿತ ಮಾಡುವ ಅಗತ್ಯವೂ ನಮಗಿಲ್ಲ. ಹಳ್ಳಿಯ ಶಾಲೆಯಲ್ಲಿ ವೇಪ್‌ಗಿಂತ ಗುಟ್ಕಾ ಪೊಟ್ಟಣ ದೊಡ್ಡ ಪ್ರಶ್ನೆಯಾಗಿರಬಹುದು. ಯಾವುದರ ಬಗ್ಗೆ ಮಾತಾಡಬೇಕು ಎಂಬುದನ್ನೂ ಆ ಮಕ್ಕಳೇ ಹೇಳಲಿ.

ಕೊನೆಗೆ ಪ್ರತಿ ಶಾಲೆಯಲ್ಲೂ ಬರುವ ಒಂದು ಇಕ್ಕಟ್ಟು. ಮಕ್ಕಳು ಹೆಸರು ಬರೆದ ಹಾಳೆಗಳನ್ನು ಎಣಿಸಿದಾಗ, ಸ್ವತಃ ವೇಪ್ ಎಳೆಯುತ್ತಾನೆಂದು ಎಲ್ಲರಿಗೂ ಗೊತ್ತಿರುವ ಹುಡುಗನ ಹೆಸರು ಮೇಲೆ ಬಂದರೆ? ಹೆಚ್ಚಿನ ಮುಖ್ಯೋಪಾಧ್ಯಾಯರು ಆ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ. ಎಳೆಯಬಾರದು ಎಂದು ನಾನು ಹೇಳುತ್ತೇನೆ. ಅಸಿಸ್ಟ್‌ನಲ್ಲಿ ಸಿಗರೇಟು ಸೇದುವ ಮಕ್ಕಳನ್ನೂ, ತಾವು ಬಿಡಲು ಪ್ರಯತ್ನಿಸುತ್ತೇವೆ ಎಂದರೆ, ಸೇರಿಸಿಕೊಂಡಿದ್ದರು. ಆ ಹುಡುಗನನ್ನು ಒಂಟಿಯಾಗಿ ಕೂರಿಸಿ, ತರಬೇತಿಗೆ ಬರುತ್ತೀಯಾ, ಬಿಡುವುದಕ್ಕೆ ಸಹಾಯ ಬೇಕಾ ಎಂದು ಕೇಳಬೇಕು. ಬರುವುದಿಲ್ಲ ಎಂದರೆ ಅದು ಅವನ ತೀರ್ಮಾನ. ಬರುತ್ತೇನೆ ಎಂದರೆ, ಪಟ್ಟಿಯ ಉಳಿದ ಇಪ್ಪತ್ತು ಮಕ್ಕಳ ನಡುವೆ ಅವನೊಬ್ಬ; ಡಿಷಿಯಾನ್ ಎಚ್ಚರಿಸಿದಂತೆ ಅವನಂಥವರೇ ತುಂಬಿದ ಕೋಣೆಯಲ್ಲ ಅದು. ಅವನ ಹೆಸರನ್ನು ಹೊಡೆದುಹಾಕಿದರೆ ಕ್ಲಾಸಿನಲ್ಲಿ ಅವನ ಮಾತಿನ ಬೆಲೆ ಕಡಿಮೆಯಾಗುವುದಿಲ್ಲ, ಆ ಮಾತು ಯಾವ ಕಡೆಗೆ ಎಂಬುದರಲ್ಲಿ ಶಾಲೆಗೆ ಇದ್ದ ಒಂದೇ ಅವಕಾಶ ಹೋಗುತ್ತದೆ.